ಬರ್ಫದ ಮೇಲಿನ ಹಾಕಿಗೆ ಸಾಕ್ಷಿ

ಮಾಸ್ತರಿಕೆಯಲ್ಲಿ ಒಂದು ಅನುಕೂಲವಿದೆ. ಬೇರೆಯವರ ತಪ್ಪು ಹುಡುಕುವುದಕ್ಕೆಂದೇ ನಮಗೆ ಸಂಬಳ ಕೊಡುತ್ತಾರೆ. ನಮ್ಮ ತಪ್ಪು ಹುಡುಕುವುದಕ್ಕೆ ಯಾರಿಗೂ ಕೊಡುವುದಿಲ್ಲ. ಕೆಂಪು ಮಸಿಯ ದೌತಿಯನ್ನು ಮುಂದಿಟ್ಟುಕೊಂಡು ಇಡೀ ಆಯುಷ್ಯ ಕಳೆದ ನನಗೆ ನಾನೂ ತಪ್ಪಬಹುದು ಎಂಬ ಅನುಮಾನ ಬಂದದ್ದೇ ಕಡಿಮೆ. ಅದು ಮೊದಲ ಸಲ ಬಂದಾಗ ನನಗೆ ಇಪ್ಪತ್ತೇಳು ವರ್ಷ. ಕಟಕಟೆ ಹತ್ತಿ, ಪ್ರಮಾಣದ ಹಲಫು ತೆಗೆದುಕೊಂಡು, ಮುನಸೀಫರ ಎದುರಿಗೆ, ನಾಲ್ಕು ಜನ ಕೇಳುವಂತೆ ಒಂದು ಸುಳ್ಳು ಹೇಳಿ ಕೆಳಗಿಳಿದಿದ್ದೆ. ಸುಳ್ಳು ಎಂದು ಗೊತ್ತಿದ್ದು ಹೇಳಿದ್ದಲ್ಲ, ನಿಜವೆಂದೇ ತಿಳಿದು ಹೇಳಿದ್ದು. ಅದು ಇನ್ನೂ ಕೆಟ್ಟದ್ದು ಎಂದು ಈಗ ಅನಿಸುತ್ತದೆ. ಗೊತ್ತಿದ್ದು ಸುಳ್ಳು ಹೇಳುವವನ ದನಿ ಒಂದಿಷ್ಟಾದರೂ ನಡುಗುತ್ತದೆ, ನನ್ನದು ಗಂಟೆಯಂತೆ ಮೊಳಗಿತ್ತು.

ಆಗ ನಾನು ಕುಕನೂರಿನ ಸಾಲಿಯಲ್ಲಿ ಭೂಗೋಲದ ಮಾಸ್ತರ. ನಿಜಾಮರ ಆಳ್ವಿಕೆ, ಎರಡನೆಯ ದೊಡ್ಡ ಯುದ್ಧ ಶುರುವಾಗಿದ್ದ ಕಾಲ. ಉರ್ದುವಿನಲ್ಲಿ ಕಲಿತದ್ದನ್ನು ಉರ್ದುವಿನಲ್ಲಿಯೇ ಕಲಿಸಿ, ಬೈಯುವುದನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದೆವು. ಭೂಗೋಲದ ಜತೆಗೆ ಸಾಲಿಯ ಹಾಕಿ ತಂಡವೂ ನನ್ನ ಕೈಯಲ್ಲಿತ್ತು. ಹಾಕಿಯ ವಿಷಯದಲ್ಲಿ ನನ್ನನ್ನು ಮೀರಿದವರು ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಇಲ್ಲವೆಂದು ನಾನು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ ಎಂಬುದು ನನಗೆ ತಿಳಿದಿರಲಿಲ್ಲ.

ಊರ ಅಗಸಿಬಾಗಿಲ ಹತ್ತಿರ ಲಾಲಸಾಬರು ಎಂಬ ದರ್ಜಿಯ ಅಂಗಡಿ. ಅವರು ಸಣ್ಣ ವಯಸ್ಸಿಗೇ ಸಿಕಂದರಾಬಾದಿನ ದಂಡಿಗೆ ಹೋಗಿ, ಅಲ್ಲಿಂದ ಒಂದು ಪಲ್ಟನ್ನಿನ ಸಂಗಡ ಶಿಮ್ಲಾಕ್ಕೆ ಹೋಗಿ, ಹತ್ತಾರು ವರ್ಷ ಸಾಹೇಬರ ಕೋಟು ಹೊಲಿದು, ತಾಯಿಗೆ ಆರಾಮಿಲ್ಲವೆಂದು ಊರಿಗೆ ಮರಳಿದವರು. ಮರಳುವಾಗ ಒಂದು ಹೊಲಿಗೆ ಮಿಶನ್ನು ತಂದರು, ಜತೆಗೆ ಒಂದು ಕಥೆ. ಮಿಶನ್ನನ್ನು ಊರು ಕೂಡಲೇ ಒಪ್ಪಿಕೊಂಡಿತು.

ಕಥೆ ಇಷ್ಟೇ. ಶಿಮ್ಲಾದಲ್ಲಿ ಥಂಡಿಯ ದಿನಗಳಲ್ಲಿ ಬಯಲಿಗೆ ನೀರು ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಫರಸಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಕಬ್ಬಿಣದ ಅಲಗು ಕೂಡಿಸಿದ ಬೂಟು ಹಾಕಿಕೊಂಡು ಸಾಹೇಬರು ಅದರ ಮೇಲೆ ಹಾಕಿ ಆಡುತ್ತಾರೆ. ಬಿದ್ದರೆ ಮೊಣಕಾಲು ಒಡೆಯಬಾರದೆಂದು ಕಟ್ಟಿಕೊಳ್ಳುವ ಹತ್ತಿಯ ಗಾದಿಗಳನ್ನು ಲಾಲಸಾಬರೇ ಹೊಲಿದು ಕೊಡುತ್ತಿದ್ದರಂತೆ.

ನಮ್ಮ ಸೀಮೆಗೂ ಬರ್ಫಕ್ಕೂ, ಅಂದರೆ ಮಂಜುಗಡ್ಡೆಗೂ, ಇದ್ದ ಸಂಬಂಧವನ್ನು ಇಲ್ಲಿ ಹೇಳಬೇಕು. ಕಾವ್ಯದಲ್ಲಿ ಹಿಮಗಿರಿಯನ್ನು ಬಾಯಿಪಾಠ ಮಾಡಿಕೊಂಡು, ಅದನ್ನು ಒಪ್ಪಿಸುವಾಗ ಬೆವರುತ್ತಿದ್ದವರು ನಾವು. ಬೇಸಗೆಯ ಮಳೆಯಲ್ಲಿ ಆಣಿಕಲ್ಲು ಬಿದ್ದರೆ ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು, ಅಷ್ಟೇ. ಒಮ್ಮೆ ಊರಿನ ಸಾವುಕಾರರೊಬ್ಬರು ಮಗಳ ಮದುವೆಗೆಂದು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರ್ಫ ತರಿಸಿದರು. ಕಟ್ಟಿಗೆಯ ಹೊಟ್ಟಿನಲ್ಲಿ ಹೂತು, ಗೋಣಿತಾಟಿನಲ್ಲಿ ಸುತ್ತಿ, ಸ್ಟೇಶನ್ನಿನಿಂದ ಗಾಡಿಯ ಮೇಲೆ ತಂದು, ಬೀಗರ ಎದುರಿಗೇ ಗಂಟು ಬಿಚ್ಚಿದರೆ ಒಳಗೆ ತೊಯ್ದ ಹೊಟ್ಟು. ಕೆದಕಿ ಕೆದಕಿ ನೋಡಿದಾಗ ಅಡಿಕೆಯಷ್ಟು ಒಂದು ಚೂರು ಸಿಕ್ಕಿತು. ಅದನ್ನು ಶರಬತ್ತಿನ ಹಂಡೆಗೆ ಬಿಟ್ಟರು. ಆ ಶರಬತ್ತು ಕುಡಿದ ಮುನ್ನೂರು ಜನರೂ ‘ಭಾಳ ತಣ್ಣಗೈತಿ’ ಎಂದು ತಲೆದೂಗಿದರು.

ಇಂಥ ಊರಿನಲ್ಲಿ ಲಾಲಸಾಬರ ಕಥೆಗೆ ಏನು ಬೆಲೆ ಬಂದೀತು? ಒಂದು ಸಂತೆಯ ದಿನ ಅವರ ಅಂಗಡಿಯ ಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ನಾನು ಅಂಗಿಯ ಅಳತೆ ಕೊಡಲು ಹೋಗಿದ್ದೆ. ಯಾರೋ ನನ್ನನ್ನು ನೋಡಿ, “ಮಾಸ್ತರ ಬಂದ್ರು, ಮಾಸ್ತರನ್ನ ಕೇಳ್ರಿ” ಅಂದರು. ಕೇಳಬಾರದಿತ್ತು.

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ. ಬರ್ಫದ ಮೇಲೆ ಭಾರ ಬಿದ್ದರೆ ಅದು ಕರಗುತ್ತದೆ. ಕರಗಿದರೆ ನೀರು. ನೀರಿನ ಮೇಲೆ ಹಾಕಿ ಆಡಲು ಬರುವುದಿಲ್ಲ. ಕುಕನೂರಿಗೆ ಬರುವುದರೊಳಗೇ ಅಡಿಕೆಯಷ್ಟಾಗುವ ಪದಾರ್ಥದ ಮೇಲೆ ಗಂಡಸರು ಓಡಾಡುವುದೆಂದರೇನು? ಜನ ನಕ್ಕರು. ಲಾಲಸಾಬರೂ ನಕ್ಕು, “ನಾ ಕಣ್ಣಾರೆ ನೋಡೀನ್ರಿ ಮಾಸ್ತರ” ಎಂದಷ್ಟೇ ಹೇಳಿ ನನ್ನ ತೋಳಿನ ಅಳತೆ ಬರೆದುಕೊಂಡರು.

ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ಬರ್ಫದ ಮೈಮೇಲೆ ತೆಳ್ಳಗೆ ನೀರಿನ ಪದರ ಇರುವುದರಿಂದಲೇ ಅಲಗು ಜಾರುತ್ತದಂತೆ. ಆಟ ಯಾಕೆ ಸಾಧ್ಯವಿಲ್ಲ ಎಂದು ನಾನು ಕೊಟ್ಟ ಕಾರಣವೇ ಆಟ ಸಾಧ್ಯವಾಗುವುದಕ್ಕೂ ಕಾರಣ! ತಪ್ಪಿನಲ್ಲಿಯೂ ಇಷ್ಟು ಹತ್ತಿರ ಬಂದಿದ್ದೆನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಂದಿನಿಂದ ಊರು ಅವರಿಗೆ ‘ಬರ್ಫಸಾಬ’ ಎಂದು ಹೆಸರಿಟ್ಟಿತು. ಯಾರಾದರೂ ನಂಬಲಾರದ ಮಾತು ಆಡಿದರೆ “ಇದೇನು ಬರ್ಫದ ಮ್ಯಾಲಿನ ಹಾಕಿ ಏನಪಾ?” ಎನ್ನುವುದು ರೂಢಿಯಾಯಿತು. ನನ್ನ ಮಾತು ಇಷ್ಟು ಬೇಗ ಊರಿನ ಬಾಯಿಗೆ ಹತ್ತಿದ್ದು ಅದೊಂದೇ ಸಲ. ಒಳಗೊಳಗೇ ಹಿಗ್ಗಿದೆ.

ಇದು ಇಲ್ಲಿಗೇ ನಿಂತಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ನಮ್ಮೂರಲ್ಲಿ ನೀಲವ್ವ ಎಂಬ ವಿಧವೆ ಇದ್ದಳು. ಅವಳ ಗಂಡ ಸಾಯುವ ಮುಂಚೆ ಬಾವಿಯ ಹತ್ತಿರದ ಹೊಲ ಹೆಂಡತಿಗೆ ಸೇರಬೇಕೆಂದು ಕಾಗದ ಬರೆಸಿದ್ದ. ಅದಕ್ಕೆ ಇಬ್ಬರ ಸಾಕ್ಷಿ. ಒಬ್ಬರು ತೀರಿಹೋಗಿದ್ದರು, ಉಳಿದವರು ಲಾಲಸಾಬರು. ನೀಲವ್ವನ ಮೈದುನ, ಆ ಕಾಗದವೇ ಖೊಟ್ಟಿ ಎಂದು ಯಲಬುರ್ಗಿಯಲ್ಲಿ ದಾವೆ ಹೂಡಿದ. ಹೊಲ ಹೋದರೆ ನೀಲವ್ವನಿಗೆ ಮೈದುನನ ಮನೆಯ ಹಿತ್ತಲಲ್ಲಿ ರೊಟ್ಟಿ ಬಡಿದು ಬದುಕುವುದೊಂದೇ ದಾರಿ.

ಮೈದುನನ ವಕೀಲ ಚುರುಕು ಮನುಷ್ಯ. ಕಾಗದದ ಮಾತನ್ನೇ ಎತ್ತಲಿಲ್ಲ. ಲಾಲಸಾಬರಿಗೆ ಹಲಫು ಕೊಡಿಸಿ, ನಯವಾಗಿ, “ನೀವು ಬರ್ಫದ ಮೇಲೆ ಹಾಕಿ ಆಡುವುದನ್ನು ನೋಡಿದ್ದೀರಂತೆ, ಹೌದೇ?” ಎಂದು ಕೇಳಿದ.

“ಹೌದ್ರಿ, ನೋಡೀನಿ.”

ಕಚೇರಿಯಲ್ಲಿ ನಗೆ ಎದ್ದಿತು. ಆಮೇಲೆ ನನ್ನನ್ನು ಕರೆದರು. ಊರಿನ ವಿದ್ವಾಂಸ, ಭೂಗೋಲದ ಮಾಸ್ತರ, ಮೇಲಾಗಿ ಹಾಕಿ ಬಲ್ಲವನು ಎಂದು ವಕೀಲ ನನ್ನನ್ನು ಹೊಗಳಿದ. ಹೊಗಳಿಕೆ ಕಿವಿಗೆ ಬಿದ್ದ ಮೇಲೆ ನನ್ನ ತಲೆ ಕೆಲಸ ಮಾಡಲಿಲ್ಲ. “ಅಂಥ ಆಟ ಇರುವುದು ಸಾಧ್ಯವೇ?” ಎಂದ. “ಪ್ರಕೃತಿ ನಿಯಮಕ್ಕೇ ವಿರುದ್ಧ” ಎಂದೆ ನಾನು, ಒಳ್ಳೆಯ ಉರ್ದುವಿನಲ್ಲಿ. ವಕೀಲ ಮುನಸೀಫರ ಕಡೆ ತಿರುಗಿ, ಆಡದ ಆಟ ನೋಡಿದವನು ಬರೆಯದ ಕಾಗದವನ್ನೂ ನೋಡಿರಬಹುದು ಎಂದ. ಆಗ ನೀಲವ್ವನ ಮುಖ ಕಂಡಿತು. ಅವಳಿಗೆ ಉರ್ದು ತಿಳಿಯುತ್ತಿರಲಿಲ್ಲ. ಆದರೆ ನಗುವುದಕ್ಕೆ ಭಾಷೆ ಬೇಕಿಲ್ಲವಲ್ಲ. ಯಾರ ಹೊಲ ನೋಡಿ ನಗುತ್ತಿದ್ದಾರೆಂದು ಅವಳಿಗೆ ಗೊತ್ತಾಗಿತ್ತು. ಮುನಸೀಫರು ದಾವೆಯನ್ನು ಹದಿನೈದು ದಿನ ಮುಂದಕ್ಕೆ ಹಾಕಿದರು.

ಹೊರಗೆ ಬಂದರೆ ಉರಿಬಿಸಿಲು. ನನ್ನನ್ನು ಕರೆತಂದಿದ್ದ ನೀಲವ್ವನ ಮೈದುನ ವಕೀಲನ ಜತೆ ಊಟಕ್ಕೆ ಹೋಗಿದ್ದ. ನನ್ನ ಕೆಲಸ ಮುಗಿದಿತ್ತು. ಕುಕನೂರಿಗೆ ಹೊರಟಿದ್ದದ್ದು ಒಂದೇ ಗಾಡಿ, ನೀಲವ್ವನದು. ಹೊಡೆಯುವವರು ಲಾಲಸಾಬರು.

“ಬರ್ರಿ ಮಾಸ್ತರ,” ಅಂದರು ಅವರು. “ಈ ಬಿಸಿಲಾಗ ನಡಕೊಂತ ಎಲ್ಲಿ ಹೋಗ್ತೀರಿ?”

ನಾನು ನೀಲವ್ವನ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ. ಆದರೆ ಎತ್ತಿನ ಮೇವಿನ ಸಿವುಡನ್ನು ಒತ್ತಟ್ಟಿಗೆ ಸರಿಸಿದಳು. ಅಷ್ಟು ಜಾಗದಲ್ಲಿ ಮುದುಡಿ ಕೂತೆ. ನನ್ನ ಆಯುಷ್ಯದಲ್ಲಿ ಅಷ್ಟು ಸಣ್ಣವನಾಗಿ ಎಲ್ಲಿಯೂ ಕೂತಿಲ್ಲ.

ಗಾಡಿ ಒಂದು ಹರದಾರಿ ಸಾಗಿತು. ಕೊನೆಗೆ ನಾನೇ ಕೇಳಿದೆ: “ಲಾಲಸಾಬರ, ಹಾಕಿ ಮಾತು ನಗಚಾಟಿಕಿಗೆ ಹೇಳಿದ್ದೆ ಅಂದ್ಬಿಟ್ಟಿದ್ರ ಮುಗೀತಿತ್ತಲ್ರಿ. ಕಾಗದದ ಮಾತನ್ನಾದ್ರೂ ನಂಬತಿದ್ರು.”

ಅವರು ಎತ್ತಿನ ಬೆನ್ನ ಮೇಲೆ ಕೈಯಾಡಿಸಿ ಹೇಳಿದರು: “ಕಸಮ್ ತಗೊಂಡು ನಿಂತೀನ್ರಿ. ನೋಡಿದ್ದನ್ನ ನೋಡಿಲ್ಲ ಅಂತ ಒಂದು ಸುಳ್ಳು ಹೇಳಿ, ಅದರ ಮ್ಯಾಲ ಈ ತಂಗಿ ಹೊಲದ ಖರೇ ಮಾತು ಹೆಂಗ ನಿಂದ್ರಸ್ಲಿ? ಎರಡೂ ಖರೇನ ಐತಿ. ನಂಬೂದು ಬಿಡೂದು ಅವರಿಗೆ ಬಿಟ್ಟಿದ್ದು.”

ಎರಡು ವರ್ಷದ ಹಿಂದೆಯೇ ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ: “ಆ ಆಟ ಹೆಂಗ ಆಡ್ತಾರ್ರಿ?”

ಅವರ ಮುಖ ಅರಳಿತು. ಹಗ್ಗವನ್ನು ನೀಲವ್ವನ ಕೈಗೆ ಕೊಟ್ಟು, ಹಿಂದಕ್ಕೆ ತಿರುಗಿ ಕೂತು ಹೇಳತೊಡಗಿದರು. ಓಡುವುದಲ್ಲ, ಜಾರುವುದು. ನಿಲ್ಲಬೇಕಾದರೆ ಕಾಲನ್ನು ಅಡ್ಡ ತಿರುವಬೇಕು. ಆಗ ಬರ್ಫದ ಪುಡಿ ಹಿಟ್ಟಿನಂತೆ ಹಾರುತ್ತದೆ. “ಮತ್ತ ಚೆಂಡು ಇರಂಗಿಲ್ರಿ. ಚೆಂಡು ಹಾಕಿದ್ರ ಪುಟಿದು ಮಂದಿ ಮಾರಿಗೆ ಬಡೀತೈತಿ. ಅದಕ್ಕ ರಬ್ಬರಿಂದು ಒಂದು ಕರೀ ಬಿಲ್ಲಿ ಮಾಡಿರ್ತಾರ, ಚಪ್ಪಟ್ಟಂದು. ಅದು ನೆಲಾ ಬಿಡದಂಗ ಜಾರತೈತಿ.”

ನಾನು ಎದ್ದು ಕೂತೆ. ಹಾಕಿ ಆಡಿದವನಿಗೆ ಮಾತ್ರ ತಿಳಿಯುವ ಮಾತು ಅದು. ನುಣುಪು ನೆಲದ ಮೇಲೆ ಚೆಂಡಿನದು ಎಂಥ ಕಾಟ ಎಂದು ನನಗೆ ಗೊತ್ತು. ಸುಳ್ಳು ಹೇಳುವವನಿಗೆ ಚೆಂಡೇ ಸಾಕಾಗುತ್ತಿತ್ತು. ಬಿಲ್ಲೆಯವರೆಗೆ ಹೋಗುವವನು ನೋಡಿಯೇ ಇರಬೇಕು.

ಅಷ್ಟೇ ಅಲ್ಲ. ‘ಕರೀ ಬಿಲ್ಲಿ’ ಎಂಬ ಮಾತನ್ನು ನಾನು ಹಿಂದೆ ಎಲ್ಲಿಯೋ ಕೇಳಿದ್ದೆ. ಎಲ್ಲಿ ಎಂದು ಯೋಚಿಸಿ ಯೋಚಿಸಿ, ಊರಿನ ಅಗಸಿ ಕಾಣುವ ಹೊತ್ತಿಗೆ ನೆನಪಾಯಿತು.

ಹಿಂದಿನ ವರ್ಷ ಸಾಲಿಯ ತಂಡವನ್ನು ಕರೆದುಕೊಂಡು ಗಂಗಾವತಿಗೆ ಪಂದ್ಯಕ್ಕೆ ಹೋಗಿದ್ದೆ. ಚೆಂಡು ನನ್ನ ಮೊಣಕಾಲಿನ ಕೆಳಗೆ ಬಡಿದು, ಅಲ್ಲಿಯ ಒಂದು ಸಣ್ಣ ಮಿಶನ್ ದವಾಖಾನೆಗೆ ಎತ್ತಿಕೊಂಡು ಹೋದರು. ಅಲ್ಲಿ ಕೆನಡಾ ದೇಶದ ಒಬ್ಬ ನರ್ಸಮ್ಮ ಇದ್ದರು. ಮೊದಲು ತೆಲುಗು ಸೀಮೆಯಲ್ಲಿ ಕೆಲಸ ಮಾಡಿದ್ದರಿಂದ ಅವರ ಕನ್ನಡದಲ್ಲಿ ಅರ್ಧ ತೆಲುಗು. ಪಟ್ಟಿ ಕಟ್ಟುತ್ತ ನಗುನಗುತ್ತ, ನಮ್ಮ ದೇಶದಲ್ಲಿ ಚೆಂಡಲ್ಲ, ಕಪ್ಪು ಬಿಲ್ಲೆ, ಅದು ಇನ್ನೂ ನೋವು ಎಂದೇನೋ ಹೇಳಿದ್ದರು. ಬಿಲ್ಲೆ ಎಂದರೆ ನುಂಗುವ ಬಿಲ್ಲೆ ಎಂದೇ ತಿಳಿದ ನಾನು, ಕಪ್ಪು ಔಷಧ ಬಹಳ ಕಹಿ ಇರಬೇಕೆಂದು ಹೆದರಿ, ಅವರು ಅದನ್ನು ಕೊಡಲು ಮರೆತರೆಂದು ಖುಷಿಯಾಗಿ ಹೊರಟು ಬಂದಿದ್ದೆ.

ಮರುವಾರ ರಜೆ ಹಾಕಿ ಗಂಗಾವತಿಗೆ ಹೊರಟೆ. ಕೊಪ್ಪಳದವರೆಗೆ ರೈಲು, ಅಲ್ಲಿಂದ ಇದ್ದಿಲಿನ ಗ್ಯಾಸಿನ ಮೇಲೆ ಓಡುವ ಮೋಟಾರು. ಏರು ಬಂದಾಗಲೆಲ್ಲ ನಾವೇ ಇಳಿದು ಅದನ್ನು ನೂಕಿದೆವು. ಮೈತುಂಬ ಮಸಿ ಬಳಿದುಕೊಂಡು ದವಾಖಾನೆಗೆ ಹೋಗಿ, ಬಂದ ಕಾರಣ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ನನ್ನ ಪಾಲಿನ ತಪ್ಪಿನ ಹತ್ತಿರ ಬಂದಾಗಲೆಲ್ಲ ಸುತ್ತುಹಾಕುತ್ತಿದ್ದೆ.

ನರ್ಸಮ್ಮ ಪೂರ್ತಿ ಕೇಳಿದರು. ಹೊಲ, ಕಾಗದ, ವಕೀಲ, ಯಾವುದನ್ನೂ ಮತ್ತೆ ಕೇಳಲಿಲ್ಲ. ಅವರು ಕೇಳಿದ್ದು ಇಷ್ಟೇ: “ಈ ದೇಶದಲ್ಲಿ ಆ ಆಟ ನೋಡಿದ ಮನುಷ್ಯ ಇದ್ದಾನಾ? ಎಷ್ಟು ದೂರ?”

ಒಳಗೆ ಹೋಗಿ ಒಂದು ಫೋಟೋ ತಂದರು. ಹೆಪ್ಪುಗಟ್ಟಿದ ಕೆರೆ, ಅದರ ಮೇಲೆ ಕೋಲು ಹಿಡಿದ ಒಬ್ಬ ಹುರಿಯಾಳು. ಅವರ ತಮ್ಮ. ಈಗ ಯುದ್ಧದಲ್ಲಿದ್ದಾನೆ, ಕಾಗದ ಬಂದು ಬಹಳ ತಿಂಗಳಾಯಿತು ಎಂದರು. “ಎಂಟು ವರ್ಷದಿಂದ ಇಲ್ಲಿದ್ದೇನೆ. ಈ ಫೋಟೋ ನೋಡಿದವರೆಲ್ಲ, ಇವನು ನೀರಿನ ಮೇಲೆ ಯಾಕೆ ನಿಂತಿದ್ದಾನೆ ಅಂತ ಕೇಳುತ್ತಾರೆ. ಹೇಳಿ ಹೇಳಿ ಈಗ ತೋರಿಸುವುದನ್ನೇ ಬಿಟ್ಟಿದ್ದೇನೆ.”

ಫೋಟೋ ಕೊಟ್ಟರೆ ಸಾಕೆಂದು ನಾನು ಹೋಗಿದ್ದೆ. ಅವರು ಅದನ್ನು ಕೈಬಿಡಲಿಲ್ಲ. ತಾವೇ ಬರುವುದಾಗಿ ಹೇಳಿದರು.

ಹದಿನೈದನೆಯ ದಿನ ಯಲಬುರ್ಗಿಯ ಕಚೇರಿಯಲ್ಲಿ ಜಾಗವಿರಲಿಲ್ಲ. ಬಿಳಿ ನರ್ಸಮ್ಮ ಹಾಕಿಯ ಸಾಕ್ಷಿಗೆ ಬರುತ್ತಾಳೆಂದು ಕುಷ್ಟಗಿಯಿಂದಲೂ ಜನ ಬಂದಿದ್ದರು. ಮೊದಲು ನಾನು ಎದ್ದು ನಿಂತು, ಹಿಂದೆ ಹೇಳಿದ್ದು ತಪ್ಪು, ತಿದ್ದಿಕೊಳ್ಳಲು ಅಪ್ಪಣೆಯಾಗಬೇಕು ಎಂದು ಬೇಡಿಕೊಂಡೆ. ಈ ಸಲ ದನಿ ನಡುಗಿತು. ಮುನಸೀಫರು ಕನ್ನಡಕದ ಮೇಲಿಂದ ನೋಡಿ, “ಮಾಸ್ತರಸಾಬ, ನೀವು ಭೂಗೋಲ ಕಲಿಸುತ್ತೀರಲ್ಲವೇ?” ಎಂದರು.

“ಹೌದು, ಹುಜೂರ್.”

“ಯಾವ ಲೋಕದ್ದು?”

ಈ ಸಲದ ನಗೆ ನನ್ನ ಪಾಲಿಗೆ ಬಂತು. ನ್ಯಾಯವಾಗಿಯೇ ಬಂತು.

ಆಮೇಲೆ ನರ್ಸಮ್ಮ ಫೋಟೋವನ್ನು ಮೇಜಿನ ಮೇಲಿಟ್ಟು, ತಮ್ಮ ಊರಿನ ಕೆರೆ ವರ್ಷದಲ್ಲಿ ನಾಲ್ಕು ತಿಂಗಳು ಕಲ್ಲಾಗುತ್ತದೆಂದೂ, ಅಣ್ಣತಮ್ಮಂದಿರ ಜತೆ ತಾವೂ ಆಡುತ್ತಿದ್ದರೆಂದೂ ಹೇಳಿದರು. ಮುನಸೀಫರು ಫೋಟೋವನ್ನು ಬಹಳ ಹೊತ್ತು ನೋಡಿದರು. ತೀರ್ಪಿಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದರು ಎಂದು ನನ್ನ ಅನಿಸಿಕೆ. ಬಳಿಕ ವಕೀಲನನ್ನು ಕರೆದು, ಈ ಸಾಕ್ಷಿದಾರ ಲಾಲಸಾಬ ನಕ್ಕವರ ಎದುರಿಗೂ ಕಂಡದ್ದನ್ನೇ ಹೇಳಿದವನು, ಕಾಗದದ ಬಗ್ಗೆ ಬೇರೆ ಏನಾದರೂ ತಕರಾರು ಇದೆಯೇ ಎಂದು ಕೇಳಿದರು. ಅವನ ಹತ್ತಿರ ಬೇರೆ ಏನೂ ಇರಲಿಲ್ಲ. ಹೊಲ ನೀಲವ್ವನಿಗೆ ಉಳಿಯಿತು.

ನಾನು ಅವಳ ಹತ್ತಿರ ಹೋಗಿ ನಿಂತೆ. ಎರಡು ಒಳ್ಳೆಯ ಮಾತು ಸಿಗಬಹುದೆಂಬ ಆಸೆ ಇಲ್ಲದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು, “ಮಾಸ್ತರ, ನೀವು ಮದ್ಲು ಸುಮ್ಮನಿದ್ದಿದ್ರ ಇಷ್ಟು ತಿರುಗಾಟ ಇರ್ತಿದ್ದಿಲ್ಲ ನೋಡ್ರಿ,” ಎಂದಳು. ಆಮೇಲೆ, “ಉಂಡಿಲ್ಲ ಕಾಣಿಸ್ತೈತಿ. ರೊಟ್ಟಿ ಬುತ್ತಿ ಐತಿ, ಬರ್ರಿ,” ಎಂದಳು.

ಅಂಗಳದ ಬೇವಿನ ಕೆಳಗೆ ಬುತ್ತಿ ಬಿಚ್ಚಿದರೆ ಉಣ್ಣುವವರು ನಾವಿಬ್ಬರೇ. ಲಾಲಸಾಬರು ಮತ್ತು ನರ್ಸಮ್ಮ ಅತ್ತ ನಿಂತು ಮಾತಿಗೆ ತೊಡಗಿದ್ದರು. ಲಾಲಸಾಬರ ಮಾತು ನರ್ಸಮ್ಮನಿಗೆ ಅರ್ಧ, ನರ್ಸಮ್ಮನ ತೆಲುಗುಗನ್ನಡ ಲಾಲಸಾಬರಿಗೆ ಅರ್ಧ. ಲಾಲಸಾಬರು ಬಾರಕೋಲನ್ನು ಹಿಡಿದು, ಕಾಲು ಅಗಲಿಸಿ, ಗೋಲು ಕಾಯುವವನಂತೆ ಬಗ್ಗಿ ನಿಂತರು. ನರ್ಸಮ್ಮ ಒಂದು ಹಂಚಿನ ಚೂರನ್ನು ಕಾಲಿನಿಂದ ಜಾರಿಸಿ ಹೊಡೆದರು. ಬಾರಕೋಲು ಅದನ್ನು ತಡೆಯಿತು. ಇಬ್ಬರೂ ಒಮ್ಮೆಲೇ ಕೂಗಿದರು. ನರ್ಸಮ್ಮ ನಗುತ್ತಿದ್ದರು, ನಡುವೆ ಸೆರಗಿಲ್ಲದ ತಮ್ಮ ಉಡುಪಿನ ತೋಳಿನಿಂದ ಕಣ್ಣೊರೆಸಿಕೊಂಡರು. ತಮ್ಮ ಊರಿನಿಂದ ಇಷ್ಟು ದೂರ ಬಂದು, ಈ ಕೆಂಪು ಧೂಳಿನಲ್ಲಿ, ಬರ್ಫದ ನೆನಪು ಇದ್ದ ಇನ್ನೊಂದು ಜೀವವನ್ನು ಅವರು ಕಂಡುಕೊಂಡಿದ್ದರು. ರೊಟ್ಟಿ ನನ್ನ ಕೈಯಲ್ಲಿಯೇ ಉಳಿಯಿತು.

ಅಲ್ಲಿಂದ ಮುಂದೆ ಕುಕನೂರಿನಲ್ಲಿ ಆ ಆಟದ ಬಗ್ಗೆ ತಿಳಿಯದವರೇ ಇಲ್ಲವಾದರು. ಬಟ್ಟೆ ಹೊಲಿಸುವವರೆಲ್ಲ ಕಥೆ ಕೇಳಿಯೇ ಏಳುವರು. ಕಥೆಗಾಗಿಯೇ ಬಟ್ಟೆ ಹೊಲಿಸಿದವರೂ ಇದ್ದರು. ನಾನಂತೂ ಸಾಲಿಯಲ್ಲಿ ಆ ಆಟದ ದಲ್ಲಾಳಿಯೇ ಆದೆ.

ಕೆಲವು ತಿಂಗಳ ಮೇಲೆ ಗಂಗಾವತಿಯಿಂದ ಒಂದು ಚೀಟಿ ಬಂತು: ತಮ್ಮನ ಕಾಗದ ಬಂದಿದೆ, ಲಾಲಸಾಬರಿಗೆ ಹೇಳಿ, ಅಂತ. ಹೇಳಿದೆ. ಅವರು ಜವಾರಿ ಹತ್ತಿಯನ್ನು ಹಿಂಜಿ, ದಪ್ಪ ಖಾದಿಯಲ್ಲಿ ತುಂಬಿ, ಮೊಣಕಾಲಿಗೆ ಕಟ್ಟುವ ಎರಡು ಗಾದಿ ಹೊಲಿದು, ಆ ತಮ್ಮನಿಗೆಂದು ನರ್ಸಮ್ಮನ ಮೂಲಕ ಕಳಿಸಿದರು. ಯುದ್ಧ ಮುಗಿದು ಆ ತಮ್ಮ ಮನೆ ಮುಟ್ಟಿದ ಮೇಲೆ ಉತ್ತರ ಬಂತು; ನರ್ಸಮ್ಮ ಅದನ್ನು ಓದಿ ಹೇಳಿದರು. ಗಾದಿ ಬಹಳ ಬೆಚ್ಚಗಿವೆ, ಉಪಕಾರವಾಯಿತು, ಆದರೆ ನಾನು ದಪ್ಪಗಾಗಿದ್ದೇನೆ, ಕಟ್ಟಲು ಬರುವುದಿಲ್ಲ ಎಂದು ಅದರಲ್ಲಿತ್ತು. ಲಾಲಸಾಬರಿಗೆ ಇದೊಂದು ಮಾತ್ರ ಮನಸ್ಸಿಗೆ ಹತ್ತಿತು. ಊರೆಲ್ಲ ನಕ್ಕಾಗ ಬಾರದಿದ್ದ ಸಿಟ್ಟು ಈಗ ಬಂತು. “ಅಳತಿ ಫೋಟೋ ನೋಡಿ ತಗೊಂಡಿದ್ದೆ ಮಾಸ್ತರ. ಫೋಟೋ ಹಳೇದಿದ್ರ ನಾ ಏನ್ ಮಾಡ್ಲಿ?” ಎಂದು ವಾರಗಟ್ಟಲೆ ಕೊರಗಿದರು.

ಅವರೂ ಇಲ್ಲ, ನೀಲವ್ವನೂ ಇಲ್ಲ. ನರ್ಸಮ್ಮ ತಮ್ಮ ದೇಶಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಅವರು ಮೂವರೂ ನನ್ನನ್ನು ಬೈಯಬಹುದಾಗಿತ್ತು. ಒಬ್ಬರು ಗಾಡಿಗೆ ಹತ್ತಿಸಿಕೊಂಡರು, ಒಬ್ಬರು ಅಷ್ಟು ದೂರ ಹೊರಟು ಬಂದರು, ಒಬ್ಬಳು ರೊಟ್ಟಿ ಕೊಟ್ಟಳು. ನಾನು ಮಾಸ್ತರನಾಗಿ ಉಳಿದದ್ದು ಇವರಿಂದ.

ನಿವೃತ್ತಿಯ ವರ್ಷ, ಕೊನೆಯ ತರಗತಿಗೆ ಈ ಆಟದ ಪಾಠ ಮಾಡುತ್ತಿದ್ದಾಗ, ಮುಂದಿನ ಸಾಲಿನ ಹುಡುಗಿಯೊಬ್ಬಳು ನಂಬದ ಮುಖ ಮಾಡಿ ಎದ್ದು ನಿಂತಳು. “ಸರ, ನೀವು ನೋಡೀರೇನ್ರಿ?”

“ಇಲ್ಲವ್ವಾ,” ಅಂದೆ. “ನೋಡಿದವರನ್ನ ನೋಡೀನಿ.”